ಏಳ್ರೀ ಸಾಕು!

ನಮ್ಮ ಮನೆಗೆ ಯಾವ ಹೊಸ ಯಂತ್ರ ಬಂದರೂ ಒಂದಲ್ಲ ಒಂದು ಅವಾಂತರ ಆಗಿಯೇ ತೀರುತ್ತದೆ. ಆಗ ನಾನು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿದ್ದೆ. ನಾನು ಏಳುವುದೇ ತಡವಾಗಿ ಬೆಳಗಿನ ಪಾಳಿಯ ಬಸ್ಸು ದಿನಾ ನನಗಾಗಿ ಕಾಯುತ್ತಿತ್ತು. ಸಹೋದ್ಯೋಗಿಗಳು ಬೈಯಲಿಲ್ಲ. ಎಲ್ಲರೂ ಸೇರಿ ಹಾಸಿಗೆ ಪಕ್ಕ ಇಡುವ ಅಲಾರಾಂ ಗಡಿಯಾರ ಕೊಡಿಸಿದರು. ಅದರಲ್ಲೇ ರೇಡಿಯೋ, ಸ್ಪೀಕರ್, ತಲೆಯ ಮೇಲೆ ಹಾಡಿನ ಪ್ಲೇಯರ್ ಸಿಕ್ಕಿಸುವ ಜಾಗ! ಅವರ ಋಣ ಇನ್ನೂ ತೀರಿಲ್ಲ.

ದೊಡ್ಡ ಗುಂಡಿ

ಮೊದಲ ಬೆಳಿಗ್ಗೆ ಅದು ಕೂಗಿದಾಗ ನಾನು ಏಳಲಿಲ್ಲ, ಅಮ್ಮ ಎದ್ದು ಬಂದರು. ಮೇಲಿನ ದೊಡ್ಡ ಗುಂಡಿ ಒತ್ತಿದರು. ನಿಂತಿತು. ಅಡುಗೆಮನೆ ತಲುಪುವಷ್ಟರಲ್ಲಿ ಮತ್ತೆ ಕೂಗಿತು. ಮತ್ತೆ ಬಂದು ಒತ್ತಿದರು.

"ಅಮ್ಮ, ಅದು ಸ್ನೂಜ್. ಸ್ವಲ್ಪ ಹೊತ್ತು ಮಾತ್ರ ಸುಮ್ಮನಿರುತ್ತೆ. ಪೂರ್ತಿ ನಿಲ್ಲಿಸೋ ಗುಂಡಿ ಪಕ್ಕದಲ್ಲಿದೆ," ಎಂದೆ ಮುಸುಕಿನೊಳಗಿಂದ.

"ನೀನೂ ಕೂಸಿದ್ದಾಗ ಹಿಂಗೇ ಕಣೋ. ಸುಮ್ಮನಾದ ಅಂತ ತಿರುಗಿದ್ರೆ ಮತ್ತೆ ಶುರು. ಪಕ್ಕದ ಗುಂಡಿ ನಿಂಗೆ ದೇವರು ಇಟ್ಟೇ ಇರಲಿಲ್ಲ!"

ಏರಿಯಲ್

ರೇಡಿಯೋಗೆ ಹಿಂದೆ ಏರಿಯಲ್ ಅಂತ ಒಂದು ತೆಳು ತಂತಿ. ಕಿಟಕಿಗೆ ಕಟ್ಟಿದರೂ ಬರೀ ಗೊರಗೊರ. ಧೂಳು ಒರೆಸಲು ಅಮ್ಮ ಆ ತಂತಿ ಹಿಡಿದದ್ದೇ ತಡ, ಭಕ್ತಿಗೀತೆ ಗಂಟೆ ಬಾರಿಸಿದಂತೆ ಕೇಳಿತು. ಬಿಟ್ಟರೆ ಮತ್ತೆ ಗೊರಗೊರ. ಅಂದಿನಿಂದ ಅಮ್ಮ ದಿನಾ ತಂತಿ ಹಿಡಿದು, ಅಲ್ಲಾಡದೆ, ಕಣ್ಮುಚ್ಚಿ ನಿಲ್ಲತೊಡಗಿದರು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೈಮುಗಿದಳು. "ಅತ್ತೆ, ವಾರ್ತೆ ಮುಗಿಯೋವರೆಗೂ ಹಂಗೇ ಹಿಡ್ಕೊಂಡಿರಿ. ಸಾರಿಗೆ ಉಪ್ಪು ಎಷ್ಟು ಅಂತ ಇವತ್ತು ನಾನೇ ನೋಡ್ಕೋತೀನಿ."

ಸಣ್ಣ ಚುಕ್ಕೆ

ತಂಗಿಗೆ ಗಂಡು ನೋಡುತ್ತಿದ್ದೆವು. ಬಂದವರೆಲ್ಲ ತಿಂಡಿ ತಿಂದು, "ತಿಳಿಸ್ತೀವಿ" ಎಂದು ಹೋದವರೇ. ಆ ಭಾನುವಾರ ಸಂಜೆ ಬಂದ ಹುಡುಗ ಮಾತ್ರ ತಂಗಿಗೆ ಒಪ್ಪಿಗೆಯಾಗಿದ್ದ. ಆದರೆ ಅವನ ಕಡೆಯವರು ಹೂಂ ಅನ್ನರು, ಉಹೂಂ ಅನ್ನರು. ಕೇಸರಿಬಾತು ತಣ್ಣಗಾಯಿತು. ಅಮ್ಮ ಸೆರಗಿನ ತುದಿ ತಿರುಚುತ್ತಿದ್ದರು.

ಹಿಂದಿನ ದಿನವಷ್ಟೇ ನನ್ನ ಹೆಂಡತಿ, ಹಾಡಿಗೆ ನಾನು ಏಳುವುದಿಲ್ಲವೆಂದು, ಪ್ಲೇಯರಿನಲ್ಲಿ ತನ್ನದೇ ದನಿ ರೆಕಾರ್ಡ್ ಮಾಡಿ ಅಲಾರಾಂಗೆ ಇಟ್ಟಿದ್ದಳು. ಗಡಿಯಾರದ ಮೂಲೆಯಲ್ಲಿ ಸಣ್ಣ ಚುಕ್ಕೆ ಕಂಡರೆ ಸಂಜೆ, ಕಾಣದಿದ್ದರೆ ಬೆಳಿಗ್ಗೆ. ಇಡುವಾಗ ಆ ಚುಕ್ಕೆ ಕಾಣುತ್ತಿದ್ದುದನ್ನು ಅವಳು ಗಮನಿಸಿರಲಿಲ್ಲ.

ಕಾಫಿ ತಟ್ಟೆ ಹಿಡಿದು ಅವಳು ನಡುಮನೆಯಲ್ಲಿ ನಿಂತಿರುವಾಗಲೇ ಕೋಣೆಯೊಳಗಿಂದ ಅವಳದೇ ದನಿ ಗುಡುಗಿತು:

"ಏಳ್ರೀ ಸಾಕು! ಎಷ್ಟೊತ್ತು ಹಿಂಗೇ ಇರ್ತೀರಾ? ನಾಚಿಕೆ ಆಗಲ್ವಾ? ಎದ್ದು ಹೊರಡ್ರೀ!"

ಹುಡುಗನ ತಂದೆ ಕೇಸರಿಬಾತಿನ ತಟ್ಟೆ ಸಮೇತ ಎದ್ದು ನಿಂತುಬಿಟ್ಟರು. ನಾನು ಓಡಿಹೋಗಿ ಗಡಿಯಾರವನ್ನೇ ಎತ್ತಿ ತಂದು ತೋರಿಸಿ, ತೊದಲುತ್ತಾ ವಿಷಯ ಹೇಳಿದೆ. ಬಾಗಿಲ ಮರೆಯಲ್ಲಿ ತಂಗಿ ಕಿಸಕ್ಕನೆ ನಕ್ಕಳು. ಅವಳ ನಗು ಕೇಳಿ ಹುಡುಗನೂ ನಕ್ಕ. ಅವನ ತಾಯಿ ಇಬ್ಬರನ್ನೂ ನೋಡಿ, ಗಂಡನ ಕಡೆ ತಿರುಗಿ ಆಗಬಹುದು ಎಂಬಂತೆ ತಲೆಯಾಡಿಸಿದರು.

ಇವತ್ತಿಗೂ ಆ ತಾಯಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ತಂದೆ ತಟ್ಟೆ ಕೆಳಗಿಟ್ಟು, ಗಡಿಯಾರದ ಕಡೆಗೇ ಬಗ್ಗಿ ಬಹಳ ಮರ್ಯಾದೆಯಿಂದ ಹೇಳಿದರು: "ಹೊರಡ್ತೀವಮ್ಮ. ಹುಡುಗಿಗೆ ಹೂ ಮುಡಿಸೋಷ್ಟು ಟೈಮ್ ಕೊಡಿ!"