ಹುಣಸೇದೊಡ್ಡಿಯ ಕಲ್ಲಿನ ಉಣ್ಣೆ

ಉಣ್ಣೆ ಜ್ವರವು ಉಣ್ಣೆ ಹುಳ ಕಚ್ಚುವುದರಿಂದ ಬರುತ್ತದಾದರೂ, ಸರ್ಕಾರದ ಮಟ್ಟಿಗೆ ಅದು ಅಭಿಯಾನದ ಉದ್ಘಾಟನೆಯಾದ ಮೇಲೆಯೇ ಬರತಕ್ಕದ್ದು. ಟೇಕಲ್ ಬೆಟ್ಟದ ಹಿಂದಿರುವ ನಮ್ಮ ಹುಣಸೇದೊಡ್ಡಿಯಲ್ಲಿ ಕದಿರಪ್ಪನಿಗೆ ಅದು ಮೊದಲೇ ಬಂದುಬಿಟ್ಟಿತು. ಆತುರ ಯಾರದು, ನೀವೇ ಹೇಳಿ. ಪಂಚಾಯ್ತಿ ಮೆಂಬರ್ ಆದ ನನ್ನ ಮೇಲೆ ಊರವರು ಸುಮ್ಮನೆ ಗೂಬೆ ಕೂರಿಸುತ್ತಾರೆ.

ಕದಿರಪ್ಪ ಕುರಿ ಮೇಯಿಸುವವನು. ಕುರಿಯ ಕಿವಿಗೆ ಕಚ್ಚಿಕೊಂಡ ಉಣ್ಣೆಯನ್ನು ಕಿತ್ತು ಉಗುರಲ್ಲಿ ಹೊಸಕಿಹಾಕುವುದು ಅವನ ಅಭ್ಯಾಸ. ಒಂದು ದಿನ ಜ್ವರ ಬಂತು, ಕಣ್ಣು ಕೆಂಪಾಯಿತು, ಒಸಡಲ್ಲಿ ರಕ್ತ ಜಿನುಗಿತು. ಹೆಂಡತಿ ಆಂಜಿನಮ್ಮ ಉಣ್ಣೆ ಜ್ವರ ಜಾಗೃತಿ ಘಟಕದ ಅಧಿಕಾರಿ ಕಾಂತರಾಜ್ ಅವರ ಹತ್ತಿರ ಓಡಿದಳು. ಅವಳು ಕೇಳಿದ್ದು ಒಂದೇ: ಗಂಡನ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿ, ಯಾವ ಜ್ವರ ಅಂತ ಗೊತ್ತಾದರೆ ದೊಡ್ಡಾಸ್ಪತ್ರೆಯಲ್ಲಿ ಸೇರಿಸಿಕೊಳ್ಳುತ್ತಾರೆ.

ಕಾಂತರಾಜ್ ಸಾಹೇಬರು ಒಳ್ಳೆಯವರು. ಕೂರಿಸಿ, ಟೀ ತರಿಸಿ, ನಿಯಮ ತಿಳಿಸಿದರು. ಅಭಿಯಾನ ಶುರುವಾಗದೆ ರಕ್ತ ತೆಗೆಯುವಂತಿಲ್ಲ. ಪ್ರತಿಮೆ ನಿಲ್ಲಿಸದೆ ಅಭಿಯಾನ ಶುರುಮಾಡುವಂತಿಲ್ಲ. ಉಣ್ಣೆ ಸಣ್ಣ ಹುಳ, ಜನರ ಕಣ್ಣಿಗೆ ಬೀಳುವುದಿಲ್ಲ. ಕಾಣದೇ ಇರುವುದರ ಬಗ್ಗೆ ಜಾಗೃತಿ ಮೂಡಿಸುವುದು ಹೇಗೆ? ಆದಕಾರಣ ಎಮ್ಮೆಯಷ್ಟು ದೊಡ್ಡ ಕಲ್ಲಿನ ಉಣ್ಣೆಯೊಂದನ್ನು ಶಿವಾರಪಟ್ಟಣದಲ್ಲಿ ಕೆತ್ತಲು ಕೊಟ್ಟಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಕೆಲವರು ಆಡಿಕೊಂಡರು. ಆಡಿಕೊಳ್ಳುವವರಿಗೆ ಬೇರೆ ಕೆಲಸವಿಲ್ಲ.

ಅಷ್ಟರಲ್ಲಿ ಶಿಲ್ಪಿ ಕೋದಂಡರಾಮಪ್ಪ ಉಳಿ ಕೆಳಗಿಟ್ಟರು. ಯಾವ ವಿಗ್ರಹಕ್ಕಾದರೂ ಕೊನೆಗೆ ಕಣ್ಣು ತೆರೆಸುವುದು ಅವರ ಮನೆತನದ ಪದ್ಧತಿ. ಇಲಾಖೆ ಕೊಟ್ಟ ಚಿತ್ರದ ಉಣ್ಣೆಗೆ ಕಣ್ಣೇ ಇರಲಿಲ್ಲ. "ಕಣ್ಣಿಲ್ದೆ ಇರೋದನ್ನ ನಮ್ಮಪ್ಪನ ಕಾಲದಿಂದ ಆಚೆ ಕಳಿಸಿಲ್ಲ ಸಾಮಿ" ಅಂದರು. ಅಂದಾಜು ಪಟ್ಟಿಯಲ್ಲಿ ಕಣ್ಣಿಲ್ಲ ಅಂತ ಘಟಕ ಬರೆಯಿತು. ಹೀಗೆ ಪತ್ರ ಹೋಗುತ್ತಾ ಬರುತ್ತಾ ಇರುವಾಗ ಕದಿರಪ್ಪ ಗಂಜಿ ಕುಡಿಯುವುದನ್ನೂ ಬಿಟ್ಟ.

ಆಂಜಿನಮ್ಮ ಮತ್ತೆ ಘಟಕಕ್ಕೆ ಹೋದಳು. "ಕಣ್ಣಿಡ್ಲಿ ಬಿಡಿ ಸಾರ್, ನಮ್ಮೆಜಮಾನ್ರು ಕಣ್ಣು ಮುಚ್ಚೋದರೊಳಗೆ" ಅಂದಳು. ಸಾಹೇಬರ ಕರುಳು ಚುರುಕ್ ಎಂದಿತು. ಅಂದೇ ಸುತ್ತೋಲೆ ಹೊರಟಿತು: "ಉಣ್ಣೆಗೆ ಕಣ್ಣು ಇರತಕ್ಕದ್ದು. ಕಣ್ಣಿಲ್ಲದ ಉಣ್ಣೆಗಳು ಈ ಅಭಿಯಾನದ ವ್ಯಾಪ್ತಿಗೆ ಒಳಪಡುವುದಿಲ್ಲ."

ಪ್ರತಿಮೆ ಬಂತು. ಸಿಮೆಂಟ್ ಕಟ್ಟೆ ಇದ್ದದ್ದು ಮಾರಮ್ಮನ ಗುಡಿಯ ಪಕ್ಕ ಮಾತ್ರವಾದ್ದರಿಂದ ಅಲ್ಲೇ ನಿಲ್ಲಿಸಿದೆವು. ಕಣ್ಣು ತೆರೆದ ತಕ್ಷಣ ಅದಕ್ಕೆ ಪ್ರಿಯವಾದದ್ದನ್ನು ಎದುರಿಗಿಡಬೇಕು ಅಂದರು ಕೋದಂಡರಾಮಪ್ಪ. ಉಣ್ಣೆಗೆ ಪ್ರಿಯವಾದದ್ದು ಯಾವುದು ಅಂತ ಇಲಾಖೆಗೆ ಗೊತ್ತಿರದೆ ಇರುತ್ತದೆಯೇ? ಕದಿರಪ್ಪನನ್ನು ಮಂಚದ ಸಮೇತ ಹೊತ್ತು ತಂದು, ರಕ್ತ ತೆಗೆದು, ಸೀಸೆಯನ್ನು ಸಾಹೇಬರೇ ಕಲ್ಲಿನ ಮುಂದಿಟ್ಟು ಫೋಟೋ ತೆಗೆಸಿಕೊಂಡರು. ಹೆಂಗಸರು ಅರಿಶಿನ ಕುಂಕುಮ ಏರಿಸಿದರು. ನಾನು ತೆಂಗಿನಕಾಯಿ ಒಡೆದೆ.

ಆಮೇಲೆ ಸೀಸೆ ಒಯ್ಯಲು ಬೆಂಗಳೂರಿನ ವ್ಯಾನ್ ಬಂತು. ಊರು ಅಡ್ಡ ನಿಂತಿತು. ಅಮ್ಮನ ಮುಂದಿಟ್ಟದ್ದು ಊರ ಗಡಿ ದಾಟಬಾರದು, ದಾಟಿದರೆ ಕಾಯಿಲೆಯೂ ಅದರ ಹಿಂದೆಯೇ ಹೊರಟು ಊರೂರಿಗೆ ಹಬ್ಬುತ್ತದೆ. ಇದು ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ಯಾರೂ ಮುರಿದಿಲ್ಲ.

"ಅದು ಅಮ್ಮ ಅಲ್ಲ, ಹುಳ" ಅಂದಳು ಆಂಜಿನಮ್ಮ. "ಆ ರಕ್ತ ನಮ್ಮೆಜಮಾನ್ರದು. ಕಳಿಸ್ಕೊಡ್ರಪ್ಪಾ."

ಉರಿಯುವ ದೀಪದ ಮುಂದೆ ಆಡುವ ಮಾತೇ ಅದು? ನಾನೇ ಗದರಿದೆ. ಅಷ್ಟರಲ್ಲಿ ಸಾಹೇಬರ ಮುಖ ಅರಳಿತ್ತು. ರಕ್ತ ಹೋಗದಿದ್ದರೆ ವರದಿ ಬರುವುದಿಲ್ಲ, ವರದಿ ಬರದಿದ್ದರೆ ತಾಲ್ಲೂಕಿನಲ್ಲಿ ಉಣ್ಣೆ ಜ್ವರ ಇರುವುದಿಲ್ಲ. "ಗಡಿ ದಾಟಬಾರದು ಅಂತ ಇಲಾಖೆ ಹೇಳೋದೂ ಅದನ್ನೇ ಕಣ್ರೀ" ಅಂದು ವ್ಯಾನನ್ನು ಖಾಲಿ ಕಳಿಸಿದರು. ಸೋಂಕು ಗಡಿಯೊಳಗೇ ಹತೋಟಿಯಲ್ಲಿದೆ ಅಂತ ಮೇಲಕ್ಕೆ ಬರೆದರು. ನಮ್ಮ ಊರಿಗೆ ಪ್ರಶಸ್ತಿ ಫಲಕ ಬಂತು.

ಕದಿರಪ್ಪ ತೀರಿಕೊಂಡ. ಯಾವ ಜ್ವರ ಅಂತ ವರದಿ ಇಲ್ಲದ ಕಾರಣ ಬರೀ ಸತ್ತ ಅಂತ ಬರೆದುಕೊಂಡಿದ್ದಾರೆ.

ಈಗ ಪ್ರತಿ ಮಂಗಳವಾರ ಜ್ವರದವರು ಲಕ್ಕೂರಿನಿಂದಲೂ ಬಂದು ಅಮ್ಮನಿಗೆ ರಕ್ತ ಕೊಡುತ್ತಾರೆ. ಮೊದಲು ಸೂಜಿ ಕಂಡರೆ ಓಡುತ್ತಿದ್ದವರು ಈಗ ಮಿಂದು ಮಡಿಯಲ್ಲಿ ಬರುತ್ತಾರೆ. ಘಟಕದ ಗುರಿ ತುಂಬಿದೆ. ಪ್ರಸಾದಕ್ಕೆ ಜ್ವರದ ಮಾತ್ರೆ ಕೊಡುತ್ತೇವೆ. ಹಂಚುವವನು ನಾನೇ.

ಮೊನ್ನೆ ಸಾಲಿನಲ್ಲಿ ಆಂಜಿನಮ್ಮ ನಿಂತಿದ್ದಳು. ಕುರಿಗಳನ್ನು ಈಗ ಅವಳೇ ಮೇಯಿಸುತ್ತಾಳೆ. ಮೈ ಕೆಂಡದ ಹಾಗೆ ಸುಡುತ್ತಿತ್ತು, ಕಣ್ಣು ಕೆಂಪಾಗಿತ್ತು. ತಾನೇ ತೋಳು ಚಾಚಿದಳು. ವರದಿ ಯಾವಾಗ ಬರುತ್ತದೆ ಅಂತ ಕೇಳಲಿಲ್ಲ.

"ಅಮ್ಮ ತಗೊಂಡ್ಲಾ?" ಅಂದಳು.

ತಗೊಂಡಳು ಕಣಮ್ಮ ಅಂದೆ. ಕೈ ಮುಗಿದು ಮಾತ್ರೆ ಕಣ್ಣಿಗೊತ್ತಿಕೊಂಡು ಹೋದಳು.