ಗಜಕೇಸರಿಯ ಐದನೇ ಆಟ

"ಪಂದ್ಯದಾಗ ಗಜಕೇಸರಿ ಒಂದ್ ಆಟನಾದ್ರೂ ಗೆಲ್ಲಲಿಲ್ಲಾಂದ್ರ, ಈ ಜನ್ಮದಾಗ ಕಂಪ್ಯೂಟರ್ ಮುಟ್ಟಂಗಿಲ್ಲ!"

ಹಗರಿಬೊಮ್ಮನಹಳ್ಳಿಯ ಗಣಿತದ ಮೇಷ್ಟ್ರು ಸಿದ್ದಲಿಂಗ ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಹೆಂಡತಿ ಮಾಲಾಳ ಎದುರಿಗೆ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡು. ಎರಡು ವರ್ಷ ಒದ್ದಾಡಿ ಅವರೇ ಬರೆದ ಚೆಸ್ ಪ್ರೋಗ್ರಾಂ 'ಗಜಕೇಸರಿ' ಮನೆಯಲ್ಲಿ ಮೇಷ್ಟ್ರಿಗೆ ಒಮ್ಮೆಯೂ ಗೆಲ್ಲಗೊಟ್ಟಿರಲಿಲ್ಲ. ಹರಪನಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರುಗಳೇ ಒಂದರೊಡನೊಂದು ಸೆಣಸುವ ಪಂದ್ಯಾವಳಿ ಎಂದು ತಿಳಿದದ್ದೇ ತಡ, ಯಂತ್ರಕ್ಕೆ ಕೌದಿ ಸುತ್ತಿ ಬಸ್ ಹತ್ತಿಸಿದರು. ಸೀಟು ಸಿಕ್ಕಿದ್ದು ಗಜಕೇಸರಿಗೆ, ಗಂಡ ಹೆಂಡತಿ ನಿಂತೇ ಹೋದರು.

ಮೊದಲ ಆಟ ಸೋಲು. ಎರಡನೆಯದೂ ಸೋಲು. ಮೂರು, ನಾಲ್ಕು... ಅದೂ ಎಂಥ ಸೋಲು! ಮಂತ್ರಿ ಇದ್ದಾನೆ, ಎರಡೂ ಆನೆ ಇವೆ, ಎದುರಾಳಿಯ ರಾಜ ಬಟ್ಟಬಯಲಲ್ಲಿ ನಿಂತಿದ್ದಾನೆ. ಗಜಕೇಸರಿ ಮಾತ್ರ 'ಕರ್ರ್... ಕರ್ರ್...' ಎನ್ನುತ್ತ ಕೂತಿದೆ. ಅಷ್ಟರಲ್ಲಿ ಸಮಯ ಮುಗಿಯಿತು!

"ಏನ್ರಿ, ಅದು ಯೋಚನಿ ಮಾಡಾಕತ್ತೈತೋ, ಗೊರಕಿ ಹೊಡಿಯಾಕತ್ತೈತೋ?" ಮಾಲಾ ಕೇಳಿದಳು.

"ಫ್ಲಾಪಿಗೆ ಬರಿಯಾಕತ್ತೈತಿ," ಎಂದ ಮೇಷ್ಟ್ರು ತಟ್ಟನೆ ಹಣೆ ಚಚ್ಚಿಕೊಂಡರು.

ಮನೆಯಲ್ಲಿ ಕರೆಂಟು ದಿನಕ್ಕೆ ಹತ್ತು ಸಲ ಹೋಗುತ್ತಿತ್ತು, ಹೋದಾಗಲೆಲ್ಲ ಆಟ ಮಣ್ಣುಪಾಲು. ಬೇಸತ್ತ ಮೇಷ್ಟ್ರು, ಯೋಚಿಸಿದ ಒಂದೊಂದು ನಡೆಯನ್ನೂ ಆಗಿಂದಾಗಲೇ ಫ್ಲಾಪಿಯಲ್ಲಿ ಬರೆದಿಡುವಂತೆ ಗಜಕೇಸರಿಗೆ ಕಲಿಸಿದ್ದರು. ಮನೆಯಲ್ಲಿ ಅವಸರ ಯಾರಿಗಿತ್ತು? ಇಲ್ಲಿ ಒಂದು ಆಟಕ್ಕೆ ಸಿಗುವುದು ಅರ್ಧ ಗಂಟೆ. ಅದರಲ್ಲಿ ಇಪ್ಪತ್ತೈದು ನಿಮಿಷ ಬರವಣಿಗೆಗೇ ಹೋಗುತ್ತಿತ್ತು!

"ಹಂಗಾರ ಬರಿಯಾದು ಬಿಡಸ್ರಿ."

"ಕರೆಂಟ್ ಹೋದ್ರ?"

"ಜನರೇಟರ್ ಐತ್ರಿ ಮೇಷ್ಟ್ರ, ಚಿಂತಿ ಬಿಡ್ರಿ," ಎಂದು ತೀರ್ಪುಗಾರ ದುರುಗಪ್ಪ ಅಭಯ ಕೊಟ್ಟರು.

ಉಳಿದಿದ್ದು ಒಂದೇ ಆಟ. ಮೇಷ್ಟ್ರು ಊಟ ಬಿಟ್ಟು, ಹಲ್ಲು ಕಚ್ಚಿ ಕೂತು, ಬರೆದಿಡುವ ಭಾಗವನ್ನೇ ಕಿತ್ತೆಸೆದರು. ಅಬ್ಬಾ, ಆಮೇಲೆ ಗಜಕೇಸರಿಯ ಓಟವೇನು! ಇಪ್ಪತ್ತೇ ನಿಮಿಷದಲ್ಲಿ ಪರದೆಯ ಮೇಲೆ ಮೂಡಿತು: 'ಮೂರು ನಡೆಯಲ್ಲಿ ಚೆಕ್‌ಮೇಟ್'. ಮೇಷ್ಟ್ರ ಕಣ್ಣು ತುಂಬಿತು. ಕರೆಂಟ್ ಹೋಯಿತು!

ಜನರೇಟರ್ ಇತ್ತು, ಸುಳ್ಳಲ್ಲ. ಅದರಲ್ಲಿ ಡೀಸೆಲ್ ಇರಲಿಲ್ಲ.

ಒಂದು ಗಂಟೆಯ ನಂತರ ಕರೆಂಟ್ ಬಂದಾಗ ಎದುರಾಳಿಯ ಪ್ರೋಗ್ರಾಂ ಬಿಟ್ಟಲ್ಲಿಂದಲೇ ಎದ್ದು ಕೂತಿತು. ಗಜಕೇಸರಿ ಮಾತ್ರ ಎಲ್ಲ ಮರೆತು, ಹೊಸ ಆಟ ಹೂಡಿ, ಬಲು ಉತ್ಸಾಹದಿಂದ ಮೊದಲ ಪದಾತಿಯನ್ನು ಮುಂದಿಟ್ಟಿತು!

ದುರುಗಪ್ಪನವರಿಗೆ ಅಯ್ಯೋ ಅನ್ನಿಸಿತು. "ಜನರೇಟರ್ ತಪ್ಪು ನಮ್ಮದು. ಯಂತ್ರದ ನಡಿ ನೋಡಿ ನಾವು ಮೇಜಿನ ಮ್ಯಾಲಿನ ಮಣಿಯಾಗ ಇಟ್ಟ ಕಾಯಿ ಹಂಗಽ ಅದಾವು. ಆ ಮೂರು ನಡಿ ನೀವಽ ತೋರಿಸಿಬಿಡ್ರಿ ಮೇಷ್ಟ್ರ, ಗೆದ್ದಂಗ ಬರಕಂತೀನಿ."

ಮೇಷ್ಟ್ರು ಮಣೆ ನೋಡಿದರು. ಐದು ನಿಮಿಷ. ಹತ್ತು ನಿಮಿಷ. ಕುದುರೆಯನ್ನು ಮುಟ್ಟಿದರು, ಕೈ ಹಿಂದೆ ತೆಗೆದರು. ತಾನು ಹುಟ್ಟಿಸಿದ ಯಂತ್ರಕ್ಕೆ ಕಂಡದ್ದು ತನಗೆ ಕಾಣುತ್ತಿಲ್ಲ! ಸೋಲಿಗಿಂತ ಹೆಚ್ಚಾಗಿ ಈ ನಾಚಿಕೆಯೇ ಅವರನ್ನು ಕುಗ್ಗಿಸಿತು.

ಆಗ ಹಿಂದಿನಿಂದ ಬಳೆ ತೊಟ್ಟ ಕೈಯೊಂದು ಚಾಚಿತು. ಕುದುರೆಯಿಂದ ಚೆಕ್. ಆನೆ ಬಲಿ. ಮಂತ್ರಿ ಬಂದು ಕೂತ, ಚೆಕ್‌ಮೇಟ್!

"ಮಾಲಾ! ನಿನಗ ಚೆಸ್ ಬರ್ತೈತೇನು?"

"ನೀವು ಸಾಲಿಗೆ ಹೋದ ಮ್ಯಾಲ ದಿನಾ ಅದರ ಕೂಡ ಆಡ್ತೀನ್ರಿ. ಮೊದಲ ಅದು ನನ್ನ ಹಿಂಗಽ ಹೊಡಿತಿತ್ತು. ಈಗೊಂದು ತಿಂಗಳಾತು, ನಾನಽ ಅದನ್ನ ಹಿಂಗ ಹೊಡಿತೀನಿ."