ಉರಿಯುವ ಗುಡ್ಡದ ಕಾವಲುಗಾರರು

ಠಾಣೆ ಶಹರದ ಗುಡ್ಡದಲ್ಲಿ ಬೇಸಿಗೆ ಬಂತೆಂದರೆ ಇಂಥ ಪ್ರಸಂಗಗಳು ನಡೆಯುತ್ತಲೇ ಇದ್ದವು. ತೊಂಬತ್ತರ ದಶಕದಲ್ಲಿ ನಾನು ಹೋಟೆಲ್ ಕೆಲಸ ಬಿಟ್ಟು ಅಲ್ಲಿ ಬೆಂಕಿ ಕಾವಲಿಗೆ ಸೇರಿದ್ದೆ. ಮೇಲೆ ಮರಗಳು ಸಾಯುತ್ತಿದ್ದವು, ಕೆಳಗೆ ನಾವು ನಗುತ್ತಿದ್ದೆವು. ನಗದೆ ಆ ಕೆಲಸ ಮಾಡಲು ಆಗುತ್ತಿರಲಿಲ್ಲ.

ಹಪ್ಪಳ

ಗುಡ್ಡದ ಬುಡದ ನಮ್ಮ ಚೌಕಿಯಲ್ಲಿ ಒಂದು ಫೋನಿತ್ತು. ಒಂದು ಮಧ್ಯಾಹ್ನ, ಮೇಲೆ ಇಳಿಜಾರು ಧಗಧಗ ಉರಿಯುತ್ತಿರುವಾಗ, ಕೆಳಗಿನ ಮಾಜಿವಾಡಾ ಬಡಾವಣೆಯಿಂದ ಒಬ್ಬರು ಹೆಂಗಸು ಫೋನ್ ಮಾಡಿದರು. ನನ್ನ ಹಿಂದಿ ಕೇಳಿದ ಕೂಡಲೇ ಊರು ಯಾವುದೆಂದು ವಿಚಾರಿಸಿದರು. ಉಡುಪಿ ಕಡೆ ಅಂದೆ. ಅವರೂ ಆ ಕಡೆಯವರೇ. ಟೆರೇಸಿನಲ್ಲಿ ಹಪ್ಪಳ ಒಣಹಾಕಿದ್ದಾರಂತೆ, ಮೇಲೆಲ್ಲ ಕರಿ ಬೂದಿ ಬೀಳುತ್ತಿದೆಯಂತೆ. ನಮ್ಮವರು ಮೇಲೆ ಜೀವ ಕೈಯಲ್ಲಿ ಹಿಡಿದು ಬೆಂಕಿ ಬಡಿಯುತ್ತಿದ್ದಾರೆ, ಗಾಳಿ ನಮ್ಮ ಮಾತು ಕೇಳುವುದಿಲ್ಲ ಎಂದೆ. ಆಮೇಲೆ ದನಿ ತಗ್ಗಿಸಿ ಹೇಳಿದರು:

"ಆಗುವುದಾದರೆ ಹೊಗೆಯನ್ನು ಕೋಪರಿ ಕಡೆಗೆ ತಿರುಗಿಸಿ ಮಾರಾಯ್ರೆ. ಅಲ್ಲಿ ನನ್ನ ನಾದಿನಿ ಇದ್ದಾಳೆ."

ಹಸಿ ಸೊಪ್ಪು

ನಮ್ಮ ಸಾಹೇಬರು ಬೆಳಗಾವಿ ಕಡೆಯವರು. ಸಮಾಧಾನದಲ್ಲಿದ್ದಾಗ ಕನ್ನಡ, ಸಿಟ್ಟು ಬಂದರೆ ಮರಾಠಿ. ಗುಡ್ಡದ ಬೆಂಕಿಯನ್ನು ಆರಿಸುವುದು ಹಸಿ ಕೊಂಬೆಗಳಿಂದ ಬಡಿದು. ಆದರೆ ಆ ವರ್ಷ ಶಿವರಾತ್ರಿಗೂ ಮೊದಲೇ ಸೆಕೆ ಶುರುವಾಗಿ, ಮರಗಳೆಲ್ಲ ಬೋಳಾಗಿ ನಿಂತಿದ್ದವು. ಬೆಂಕಿ ಬಿತ್ತು. ಬಡಿಯಲು ಒಂದು ಹಸಿ ಕೊಂಬೆಯೂ ಸಿಗಲಿಲ್ಲ. ಸಾಹೇಬರು, "ಓಲಾ ಪಾಲಾ ಆಣಾ" ಎಂದು ಕೂಗಿದರು. ಹಸಿ ಸೊಪ್ಪಿನ ಕೊಂಬೆ ತನ್ನಿ ಎಂದು ಅರ್ಥ. ರಾಯಚೂರಿನಿಂದ ಹೊಸದಾಗಿ ಬಂದಿದ್ದ, ಮರಾಠಿ ಬಾರದ ಮೀಸೆಯವನೊಬ್ಬ ಕೆಳಗೆ ಓಡಿದ.

ಅವನು ಮರಳಿ ಬರುವಷ್ಟರಲ್ಲಿ ಎಳೆ ಸಾಗುವಾನಿಯೆಲ್ಲ ಬೂದಿಯಾಗಿತ್ತು. ಅವನ ಕಂಕುಳಲ್ಲಿ ತರಕಾರಿ ಮಾರುವ ಭಾಜಿವಾಲಿಯ ಹತ್ತಿರ ತಂದ ಪಾಲಕ್ ಸೊಪ್ಪಿನ ಕಟ್ಟುಗಳು. ಬೈಗುಳ ಬೀಳುತ್ತದೆ ಎಂದು ನಾವು ತಲೆ ತಗ್ಗಿಸಿದೆವು. ಸಾಹೇಬರು ಸುತ್ತಲೂ ಒಮ್ಮೆ ನೋಡಿ, ಮೆಲ್ಲಗೆ ಕನ್ನಡದಲ್ಲೇ ಹೇಳಿದರು:

"ಜ್ವಾಕಿಯಿಂದ ಹಿಡ್ಕೋಪಾ. ಈ ಗುಡ್ಡದಾಗ ಹಸರು ಅಂತ ಇರೂದು ಇದೊಂದ."

ಹಿಪ್ಪೆ ಮರ

ನಮ್ಮ ಜೊತೆ ಕಾವಲಿಗಿದ್ದ ವಿಜಯಪುರದ ಮುದುಕನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಗುಡ್ಡದ ನೆತ್ತಿಯ ದೊಡ್ಡ ಹಿಪ್ಪೆ ಮರದ ಕೆಳಗೇ ಅವರ ಊಟ, ನಿದ್ದೆ. ಒಂದು ಬೇಸಿಗೆ ಬೆಂಕಿ ಅದರ ಬುಡವನ್ನೂ ನೆಕ್ಕಿತು. ಮರ ಹೋಯಿತು ಅಂದುಕೊಂಡೆವು. ಮಳೆ ಬಿದ್ದ ಮೇಲೆ ಅದು ಕೆಂಪು ಚಿಗುರು ಬಿಟ್ಟಿತು. ಕಾಕಾ ಚೌಕಿಯವರಿಗೆಲ್ಲ ಪೇಡೆ ಹಂಚಿದರು.

ಮುಂದಿನ ಬೇಸಿಗೆಯಲ್ಲಿ ಬೆಂಕಿ ಬೀಳಲಿಲ್ಲ, ಆದರೆ ಬಿಸಿಲು ಹಿಂದೆಂದೂ ಕಾಣದಷ್ಟು ಸುಟ್ಟಿತು. ಮಳೆಯೂ ತಡವಾಯಿತು. ಕಾಕಾ ಕ್ಯಾನಿನಲ್ಲಿ ನೀರು ಹೊತ್ತು ಹಾಕಿದರು, ಮರವನ್ನು ಗದರಿಸಿದರು, ಓಲೈಸಿದರು. ಅದು ಚಿಗುರಲೇ ಇಲ್ಲ. ಡೊಂಬಿವಲಿಯ ಕಾಲೇಜಿನಿಂದ ಬಂದ ಮೇಷ್ಟರೊಬ್ಬರು ತೊಗಟೆ ಕೆರೆದು ನೋಡಿ, ಒಳಗೆ ಜೀವವಿಲ್ಲ ಎಂದರು. ಬೆಂಕಿ ಅರ್ಧ ಕೊಂದಿತ್ತು, ಆಮೇಲಿನ ಸೆಕೆ ಉಳಿದದ್ದನ್ನು ಮುಗಿಸಿತು. ಮೊದಲಾಗಿದ್ದರೆ ಸುಟ್ಟ ಮರ ಸುಧಾರಿಸಿಕೊಳ್ಳುತ್ತಿತ್ತು, ಈಗ ಹವೆಯೇ ಬಿಸಿಯಾಗುತ್ತಿದೆ, ಬಿಡುವು ಸಿಗುವುದಿಲ್ಲ ಎಂದು ವಿವರಿಸಿದರು.

ಮರುದಿನ ಕಾಕಾ ತಲೆ ಬೋಳಿಸಿಕೊಂಡು ಬಂದು, ಹಿರಿಯರು ತೀರಿಕೊಂಡಿದ್ದಾರೆ, ರಜೆ ಬೇಕು ಎಂದು ಸಾಹೇಬರ ಮುಂದೆ ನಿಂತರು. ಯಾರು ಹೋದರು ಎಂದು ಸಾಹೇಬರು ಗಾಬರಿಯಿಂದ ಕೇಳಿದರು. ಕಾಕಾ ಗುಡ್ಡದ ನೆತ್ತಿಯತ್ತ ಕೈ ತೋರಿಸಿದರು. ಸಾಹೇಬರಿಗೆ ನಗು ಬಂತು. ತಡೆದುಕೊಂಡು, "ಸುಡೂದು ಯಾವಾಗ, ಕಾಕಾ?" ಎಂದರು.

"ಸುಡೂದು ಮೊದ್ಲ ಆಗೇತ್ರಿ, ಸಾಹೇಬ್ರ. ಜೀವ ಈಗ ಹೋತು."